ಶಾಲೆ ಕೈತೋಟಕ್ಕೆ ₹5 ಸಾವಿರ: ಬೀಜ ಸಿಗುತ್ತೆ, ರಜೆಯಲ್ಲಿ ನೀರು ಹಾಕೋರು ಯಾರು?

ಹಾವೇರಿ: 2025ರ ದಸರಾ ರಜೆ ಉದ್ದ ಆಯ್ತು. ಸೆ.20ಕ್ಕೆ ಶುರುವಾದದ್ದು ಅ.7ಕ್ಕೆ ಮುಗೀಬೇಕಿತ್ತು. ಶಿಕ್ಷಕರು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಬೇಕಾಗಿ ಬಂದಿದ್ದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅ.18ರವರೆಗೆ ರಜೆ ವಿಸ್ತರಣೆಯಾಯ್ತು. ಅದರ ಬೆನ್ನಿಗೇ ದೀಪಾವಳಿ. ಅಂತೂ ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು.

ಬಾಗಿಲು ತೆಗೆದ ಮರುದಿನ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಹಿತ್ತಲಲ್ಲಿ ‘ಪೌಷ್ಟಿಕ ಕೈತೋಟ’ ಅಂತ ಹಸಿರು ಬಣ್ಣದಲ್ಲಿ ಬರೆದ ಬೋರ್ಡ್ ಇನ್ನೂ ನಿಂತಿತ್ತು. ಬೋರ್ಡಿನ ಹಿಂದೆ ಪಾರ್ಥೇನಿಯಂ ಸೊಂಟದ ಮಟ್ಟ. ಬೇಲಿ ಕಿತ್ತ ಜಾಗದಲ್ಲಿ ಮೇಕೆ ಹಿಕ್ಕೆ. ಒಂದು ಮೂಲೆಯಲ್ಲಿ ಎರಡು ನುಗ್ಗೆ ಗಿಡ, ಒಂದು ಕರಿಬೇವು ಮಾತ್ರ ಯಾರ ಹಂಗೂ ಇಲ್ಲದೆ ಚೆನ್ನಾಗಿದ್ದವು. ‘ಬೆಂಡಿ ಗಿಡ ಹೂವು ಬಿಟ್ಟಿದ್ದುವ್ರಿ, ರಜಾ ಕೊಟ್ರು, ಹೋದ್ವು’ ಅಂದರು ಅಲ್ಲಿನ ಅಕ್ಕೋರು. ಅ.16 ವಿಶ್ವ ಆಹಾರ ದಿನ. ಅವತ್ತೂ ಶಾಲೆಗೆ ಬೀಗ.

ಇದು ಒಂದೇ ಶಾಲೆಯ ಕಥೆ ಅಲ್ಲ ಅನ್ನೋದು ಓದುಗರಿಗೆ ಗೊತ್ತು. ನಿಮ್ಮೂರ ಶಾಲೆ ಹಿತ್ತಲಿಗೆ ಒಮ್ಮೆ ಹೋಗಿ ನೋಡಿ. ತೋಟ ಇದ್ದರೆ ಆ ಶಾಲೆಗೆ ಕೈಮುಗಿಯಬೇಕು. ಇಲ್ಲದಿದ್ದರೆ ಮೇಷ್ಟ್ರಿಗೆ ಬೈಯೋ ಮೊದಲು ಈ ದುಡ್ಡಿನ ಲೆಕ್ಕ ಒಂದು ಸಲ ನೋಡೋಣ.

ದುಡ್ಡು ಎಲ್ಲಿಂದ ಬರುತ್ತೆ

ಬಿಸಿಯೂಟದ ಕೇಂದ್ರ ಯೋಜನೆಗೆ 2021ರಿಂದ ‘ಪಿಎಂ ಪೋಷಣ್’ ಅಂತ ಹೆಸರು. ನಮ್ಮಲ್ಲಿ 2002ರಿಂದಲೂ ಅದು ಅಕ್ಷರ ದಾಸೋಹ. ಶಾಲೆಗಳಲ್ಲಿ ಕೈತೋಟ ಮಾಡಬೇಕು ಅಂತ ಕೇಂದ್ರ ಸರಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜಾಗ ಇಲ್ಲದ ಶಾಲೆ ಕುಂಡದಲ್ಲೋ ಡಬ್ಬದಲ್ಲೋ ಚೀಲದಲ್ಲೋ ಬೆಳೆಯಬಹುದು, ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಇಲಾಖೆಯ ನೆರವು ಪಡೆಯಬಹುದು, ನೆಲ ಸಮ ಮಾಡೋದು ಮತ್ತು ಬೇಲಿಗೆ ಉದ್ಯೋಗ ಖಾತ್ರಿ ಬಳಸಬಹುದು ಎಂಬುದೆಲ್ಲ ಅದರಲ್ಲಿದೆ. ಹಣಕ್ಕೆ ಯೋಜನೆಯ ಶೇ 5ರ ‘ಫ್ಲೆಕ್ಸಿ’ ಭಾಗ ಇದೆ. ತೋಟ ಎಬ್ಬಿಸೋದಕ್ಕೆ ಒಂದು ಶಾಲೆಗೆ ₹5,000 ಅನ್ನೋದು ಅಲ್ಲಿನ ಲೆಕ್ಕ. ಎಲ್ಲ ಶಾಲೆಗೂ ಪ್ರತಿ ವರ್ಷ ಬಂದೇ ಬರುತ್ತೆ ಅಂತಲ್ಲ.

ಇದಲ್ಲದೆ ಸಮಗ್ರ ಶಿಕ್ಷಣದಲ್ಲಿ ಯೂತ್ ಮತ್ತು ಇಕೋ ಕ್ಲಬ್‌ಗೆ ಬೇರೆ ದುಡ್ಡಿದೆ. ಕಿರಿಯ ಪ್ರಾಥಮಿಕಕ್ಕೆ ₹5,000, ಹಿರಿಯ ಪ್ರಾಥಮಿಕಕ್ಕೆ ₹15,000, ಪ್ರೌಢಶಾಲೆಗೆ ₹25,000ವರೆಗೆ. ಮೂರನೇದು ಶಾಲಾ ಅನುದಾನ. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹25,000. ಇದರಲ್ಲೇ ಕರೆಂಟ್ ಬಿಲ್, ಚಾಕ್‌ಪೀಸ್, ನಲ್ಲಿ ರಿಪೇರಿ, ಸುಣ್ಣ ಬಣ್ಣ ಎಲ್ಲ ಆಗಬೇಕು. ತೋಟಕ್ಕೆ ಇದರಿಂದ ಒಂದು ರೂಪಾಯಿ ಉಳಿಸುವ ಹೆಡ್‌ಮಾಸ್ಟರು ಸಿಕ್ಕರೆ ಅವರ ಲೆಕ್ಕದ ಪುಸ್ತಕವನ್ನೇ ಮಕ್ಕಳಿಗೆ ಪಾಠ ಮಾಡಬಹುದು.

ತೋಟದಿಂದ ಬಿಸಿಯೂಟ ನಡೀತದಾ?

ನಡೆಯಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕಂದ್ರೆ ತಪ್ಪು ನಿರೀಕ್ಷೆಯೇ ಅರ್ಧ ತೋಟಗಳನ್ನು ಕೊಂದಿದೆ.

80 ಮಕ್ಕಳ ಶಾಲೆ ಅಂದುಕೊಳ್ಳಿ. 50 ಮಕ್ಕಳು ಒಂದರಿಂದ ಐದನೇ ತರಗತಿ, 30 ಮಕ್ಕಳು ಅದರ ಮೇಲಿನವರು. ನಿಯಮದ ಪ್ರಕಾರ ದಿನಕ್ಕೆ ಸಣ್ಣ ಮಕ್ಕಳಿಗೆ ತಲಾ 50 ಗ್ರಾಂ, ದೊಡ್ಡವರಿಗೆ 75 ಗ್ರಾಂ ತರಕಾರಿ ಕೊಡಬೇಕು. ಒಟ್ಟು ದಿನಕ್ಕೆ 4 ಕೆಜಿ 750 ಗ್ರಾಂ. ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕನಿಷ್ಠ ಶಾಲಾ ದಿನಗಳನ್ನು (ಸಣ್ಣವರಿಗೆ 200, ದೊಡ್ಡವರಿಗೆ 220) ಹಿಡಿದರೂ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಕ್ವಿಂಟಲ್. ಅರ್ಧ ಗುಂಟೆ ಹಿತ್ತಲಲ್ಲಿ, ಅದೂ ಕೊಳವೆ ನೀರು ಬಂದರೆ ಬಂತು ಹೋದರೆ ಹೋಯ್ತು ಅನ್ನೋ ಕಡೆ, ಹತ್ತು ಕ್ವಿಂಟಲ್ ತರಕಾರಿ ಯಾವ ರೈತನೂ ಬೆಳೆದು ತೋರಿಸಲಾರ. ವಾರಕ್ಕೊಂದು ದಿನ ಸಾರಿಗೆ ಸೊಪ್ಪು, ಒಗ್ಗರಣೆಗೆ ಕರಿಬೇವು, ಆಗಾಗ ನುಗ್ಗೆಕಾಯಿ ಬಂದರೆ ಅದೇ ಗೆಲುವು.

₹5,000ವನ್ನು 80 ಮಕ್ಕಳಿಗೆ ಹಂಚಿದರೆ ತಲೆಗೆ ₹62.50. ವರ್ಷಕ್ಕೆ! ಇನ್ನೊಂದು ಕಡೆ 2025ರ ಮೇ 1ರಿಂದ ಬಿಸಿಯೂಟದ ಸಾಮಗ್ರಿ ವೆಚ್ಚ ಕಿರಿಯರಿಗೆ ದಿನಕ್ಕೆ ₹6.78, ಹಿರಿಯರಿಗೆ ₹10.17 ಆಯ್ತು. ಬೇಳೆ, ಎಣ್ಣೆ, ತರಕಾರಿ, ಉಪ್ಪು-ಖಾರ, ಗ್ಯಾಸ್ ಎಲ್ಲ ಸೇರಿ ಇಷ್ಟು. ಇದೇ 80 ಮಕ್ಕಳಿಗೆ ದಿನಕ್ಕೆ ₹644. ಅಂದರೆ ಕೈತೋಟದ ಇಡೀ ಅನುದಾನ ಎಂಟು ದಿನದ ಅಡುಗೆ ಖರ್ಚಿಗೂ ಸಾಲದು. ಅಷ್ಟು ಸಣ್ಣ ದುಡ್ಡು ಕೊಟ್ಟು ‘ಮಕ್ಕಳ ಅಪೌಷ್ಟಿಕತೆ ನಿವಾರಣೆ’ ಅಂತ ವರದಿ ಬರೆಸೋದು ನ್ಯಾಯವಲ್ಲ.

ಹಾಗಾದ್ರೆ ದುಡ್ಡು ದಂಡವಾ ಅಂದ್ರೆ, ಅದೂ ಅಲ್ಲ. ತರಕಾರಿ ಕೊಡಲಿ ಅಂತ ನೋಡಿದರೆ ದಂಡ. ಪಾಠಕ್ಕೆ ಅಂತ ನೋಡಿದರೆ ಪ್ರಯೋಗಾಲಯದ ಬೇರೆ ಯಾವ ಸಾಮಾನೂ ಇಷ್ಟು ಅಗ್ಗಕ್ಕೆ ಸಿಗಲ್ಲ.

ಹೊಲದ ಮಕ್ಕಳಿಗೆ ಹೊಲದ ಪಾಠ ಯಾಕೆ?

ಈ ಪ್ರಶ್ನೆ ಪಾಲಕರದ್ದು. ನ್ಯಾಯವಾದ ಪ್ರಶ್ನೆ. ‘ನಾವು ದಿನಾ ಗುದ್ದಲಿ ಹಿಡಿಯೋದು ಸಾಕಾಗೇತ್ರಿ. ಸಾಲಿಗೆ ಕಳಿಸೋದು ಅದನ್ನ ತಪ್ಪಿಸಾಕ’ ಅಂತ ಒಬ್ಬ ತಾಯಿ ಎಸ್‌ಡಿಎಂಸಿ ಸಭೆಯಲ್ಲೇ ಹೇಳಿದ್ದನ್ನು ಕೇಳಿದ್ದೇನೆ. ಸಭೆಯಲ್ಲಿದ್ದ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕ ಇದೆ. ರಾಣೆಬೆನ್ನೂರು ಕಡೆ ಹೈಬ್ರಿಡ್ ತರಕಾರಿ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಟೊಮೆಟೊ, ಬೆಂಡೆ, ಮೆಣಸಿನಕಾಯಿ ಹೂವು ಬಿಡಿಸಿ ಕ್ರಾಸಿಂಗ್ ಮಾಡೋದು ಸಣ್ಣ ಕೈ, ಚುರುಕು ಬೆರಳು ಬೇಡುವ ಕೆಲಸ. ಕರ್ನಾಟಕದ ಬೀಜೋತ್ಪಾದನೆ ಹೊಲಗಳಲ್ಲಿ ಮಕ್ಕಳ ದುಡಿಮೆ ಬಗ್ಗೆ ವರ್ಷಗಳಿಂದ ಅಧ್ಯಯನಗಳು ಬಂದಿವೆ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚೋದು ಕಾನೂನಿನಲ್ಲಿ ಅಪರಾಧ. 2016ರ ತಿದ್ದುಪಡಿ ‘ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರಿಗೆ ನೆರವು’ ಅನ್ನೋ ಸಂದಿ ಬಿಟ್ಟಿದೆ. ಆ ಸಂದಿಯಲ್ಲಿ ಎಷ್ಟು ಮಕ್ಕಳು ನುಸುಳುತ್ತಾರೆ ಅನ್ನೋದನ್ನು ಸೀಜನ್‌ನಲ್ಲಿ ಹಾಜರಿ ಪುಸ್ತಕ ನೋಡಿದ ಯಾವ ಶಿಕ್ಷಕರನ್ನಾದರೂ ಕೇಳಿ.

ಹೀಗಿರುವಾಗ ಶಾಲೆಯೂ ‘ಬರ್ರಿ, ಮಡಿ ಮಾಡ್ರಿ, ನೀರು ಹೊರ್ರಿ’ ಅಂದ್ರೆ ಮಗುವಿಗೆ ಹೊಲಕ್ಕೂ ಶಾಲೆಗೂ ಏನು ವ್ಯತ್ಯಾಸ?

ವ್ಯತ್ಯಾಸ ಇರಬಹುದು, ಇರಬೇಕು. ಕ್ರಾಸಿಂಗ್ ನೋಡಿದ ಹುಡುಗಿಗೆ ಗಂಡು ಹೂವಿನ ಪುಡಿ ತಂದು ಹೆಣ್ಣಿಗೆ ತಾಗಿಸಿದರೆ ಕಾಯಿ ಕಟ್ಟುತ್ತೆ ಅಂತ ಗೊತ್ತು. ಏಳನೇ ತರಗತಿ ವಿಜ್ಞಾನದಲ್ಲಿ ‘ಪರಾಗಸ್ಪರ್ಶ’ ಅಂತ ಬಂದಾಗ ಅದೇ ಹುಡುಗಿ ಬಾಯಿಪಾಠ ಮಾಡ್ತಾಳೆ. ಎರಡೂ ಒಂದೇ ಅಂತ ಯಾರೂ ಹೇಳಿರಲ್ಲ. ಶಾಲೆ ಹಿತ್ತಲಲ್ಲಿ ನಾಲ್ಕು ಕುಂಬಳ ಬಳ್ಳಿ ಇದ್ದರೆ, ಎರಡು ಹೂವಿಗೆ ಚೀಲ ಕಟ್ಟಿ ಎರಡನ್ನು ಬಿಟ್ಟು ಹದಿನೈದು ದಿನ ಕಾದರೆ, ಆ ಪಾಠ ಜೀವಮಾನಕ್ಕೆ ಮರೆಯಲ್ಲ. ಆಮೇಲೆ ಅವಳೇ ಕೇಳ್ತಾಳೆ: ಈ ಬೀಜದಿಂದ ಮತ್ತೆ ಬಿತ್ತಿದ್ರೆ ಹೈಬ್ರಿಡ್ ಯಾಕೆ ಹಾಂಗೇ ಬರಲ್ಲ? ಬೀಜ ಪ್ರತಿ ವರ್ಷ ಯಾಕೆ ಕೊಳ್ಳಬೇಕು? ಬೀಜದ ಊರಿನ ಮಗುವಿಗೆ ಈ ಪ್ರಶ್ನೆ ಬರಬೇಕು.

ಎಂಟನೇ ತರಗತಿ ವಿಜ್ಞಾನದ ಮೊದಲ ಪಾಠವೇ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’. ಜೂನ್‌ನಲ್ಲಿ ಅದನ್ನು ಪಾಠ ಮಾಡುವಾಗ ಕಿಟಕಿ ಆಚೆ ಕೂರಿಗೆ ಓಡಾಡ್ತಿರುತ್ತೆ. ಕಿಟಕಿ ಮಾತ್ರ ಮುಚ್ಚಿರುತ್ತೆ.

ಇನ್ನೊಂದು ಮಾತು, ಇದು ತಟ್ಟೆಗೆ ಸಂಬಂಧಪಟ್ಟಿದ್ದು. ನಮ್ಮ ಜಿಲ್ಲೆಯ ಹೊಲ ತುಂಬ ಗೋವಿನಜೋಳ, ಹತ್ತಿ. ಎರಡನ್ನೂ ಬೆಳೆದವರು ಉಣ್ಣಲ್ಲ. ಗೋವಿನಜೋಳ ಕೋಳಿ ಫಾರ್ಮಿಗೆ, ಪಿಷ್ಟದ ಫ್ಯಾಕ್ಟರಿಗೆ, ಎಥೆನಾಲ್‌ಗೆ ಹೋಗುತ್ತೆ. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಅಂತ ಘೋಷಣೆ ಇದ್ದರೂ ಪೇಟೆ ದರ ಎಲ್ಲಿ ಬಿದ್ದಿತ್ತು ಅನ್ನೋದು ಎಪಿಎಂಸಿಗೆ ಚೀಲ ಒಯ್ದವರಿಗೆ ಗೊತ್ತು. ಹಿಂದೆ ಜೋಳದ ಹೊಲದ ಅಕ್ಕಡಿ ಸಾಲಿನಲ್ಲೇ ತೊಗರಿ, ಅಲಸಂದೆ, ಪುಂಡಿ, ಮಡಿಕೆ ಎಲ್ಲ ಬರ್ತಿತ್ತು. ಹೊಲಕ್ಕೆ ಹೋದ ಹೆಣ್ಣುಮಗಳು ಬರುವಾಗ ಉಡಿಯಲ್ಲಿ ರಾತ್ರಿಯ ಪಲ್ಯ ತರ್ತಿದ್ದಳು. ಈಗ ಹತ್ತು ಎಕರೆ ಇದ್ದವರೂ ಕೊತ್ತಂಬರಿಗೆ ಸಂತೆಗೆ ಬರ್ತಾರೆ. ಕಳೆನಾಶಕ ಹೊಡೆದ ಹೊಲದಲ್ಲಿ ಕಿರಕಸಾಲಿ ಎಲ್ಲಿಂದ ಹುಟ್ಟಬೇಕು?

ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಜನರಿಗೆ ರಕ್ತಹೀನತೆ. ಹಿಂದಿನ ಸುತ್ತಿನಲ್ಲಿ ಇದು ಶೇ 60.9 ಇತ್ತು. ಅಂದ್ರೆ ಕಡಿಮೆ ಆಗೋ ಬದಲು ಏರಿದೆ. ಮುಂದೆ ಒಂದನೇ ತರಗತಿಗೆ ಬಂದು ಕೂರೋದು ಇದೇ ಮಕ್ಕಳು. ಹಾಲು, ರಾಗಿ ಮಾಲ್ಟ್, ಮೊಟ್ಟೆ-ಬಾಳೆಹಣ್ಣು ಎಲ್ಲ ಬಂದಿದೆ, ಒಳ್ಳೇದಾಗಿದೆ. ಆದರೆ ಸೊಪ್ಪು ತಿನ್ನೋ ರೂಢಿ ಪ್ಯಾಕೆಟ್‌ನಲ್ಲಿ ಬರಲ್ಲ. ತಾನೇ ಬೆಳೆದ ರಾಜಗಿರಿಯನ್ನು ಮಗು ಗಂಗಾಳದ ಅಂಚಿಗೆ ತಳ್ಳೋದು ಕಡಿಮೆ. ಇದು ನಾನು ಕಂಡಿದ್ದು, ಅಡುಗೆಯವರೂ ಹೇಳಿದ್ದು.

ಗುದ್ದಲಿ ಯಾರ ಕೈಗೆ ಕೊಡ್ತಾರೆ

ನಾವು ಓದುವಾಗ ಎಸ್‌ಯುಪಿಡಬ್ಲ್ಯು ಅಂತ ಒಂದು ಪೀರಿಯಡ್ ಇತ್ತು. ಹೆಸರು ದೊಡ್ಡದು, ಕೆಲಸ ಅಂಗಳ ಗುಡಿಸೋದು, ಮಾಸ್ತರ ಮನೆ ಹಿತ್ತಲಿಗೆ ನೀರು ಹಾಕೋದು. ಯಾವ ಹುಡುಗರು ಗುಡಿಸ್ತಿದ್ದರು, ಯಾವ ಹುಡುಗರು ನೆರಳಲ್ಲಿ ನಿಂತು ‘ಲೀಡರ್’ ಆಗಿರ್ತಿದ್ದರು ಅನ್ನೋದು ನೆನಪಿದೆ. ಜಾತಿ ಯಾವುದು ಅಂತ ಆಗ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ.

ಕೈತೋಟದಲ್ಲಿ ಅದೇ ಆಗಬಾರದು ಅಂದ್ರೆ ದುಡ್ಡು ಬೇಡ, ಒಂದು ಹಾಳೆ ಸಾಕು. ಯಾವ ದಿನ ಯಾವ ತರಗತಿ, ಯಾವ ನಾಲ್ಕು ಮಕ್ಕಳು, ಜೊತೆಗೆ ಯಾವ ಶಿಕ್ಷಕರು ಅಂತ ಪಾಳಿ ಬರೆದು ಗೋಡೆಗೆ ಅಂಟಿಸಬೇಕು. ಎಲ್ಲರ ಹೆಸರೂ ಸರದಿಯಲ್ಲಿ. ತಡವಾಗಿ ಬಂದವರಿಗೆ, ಹೋಮ್‌ವರ್ಕ್ ಮಾಡದವರಿಗೆ ಶಿಕ್ಷೆ ಅಂತ ತೋಟದ ಕೆಲಸ ಕೊಡಲೇಬಾರದು. ಶಿಕ್ಷೆಯಾಗಿ ಹಿಡಿದ ಗುದ್ದಲಿಯಿಂದ ಯಾವ ಮಗುವೂ ಕೃಷಿ ಕಲಿಯಲ್ಲ, ದ್ವೇಷಿಸೋದು ಕಲಿಯುತ್ತೆ. ನೀರು ಹೊರೋದು ಹುಡುಗಿಯರಿಗೆ, ಅಗೆಯೋದು ಹುಡುಗರಿಗೆ ಅನ್ನೋದೂ ಬೇಡ.

ಅಡುಗೆ ಅಮ್ಮಂದಿರನ್ನು ಈ ಲೆಕ್ಕದಲ್ಲಿ ಎಲ್ಲರೂ ಮರೀತಾರೆ. ಕೇಂದ್ರದ ನಿಯಮದಂತೆ 26ರಿಂದ 100 ಮಕ್ಕಳಿಗೆ ಇಬ್ಬರು ಅಡುಗೆಯವರು. ಐದು ಕೆಜಿ ತೊಪ್ಪಲು ಸೋಸಿ, ತೊಳೆದು, ಹೆಚ್ಚೋದು ಎಷ್ಟು ಹೊತ್ತಿನ ಕೆಲಸ ಅನ್ನೋದು ಮನೆಯಲ್ಲಿ ಒಂದು ಸಿವುಡು ಸೋಸಿದವರಿಗೆ ಗೊತ್ತು. ಅವರಿಗೆ ಸಿಗೋ ಗೌರವಧನ ಹೇಳಿಕೊಳ್ಳುವಂಥದ್ದೂ ಅಲ್ಲ. ಏನು ಬಿತ್ತಬೇಕು, ಯಾವ ವಾರ ಕೊಯ್ಯಬೇಕು ಅನ್ನೋದನ್ನು ಅವರನ್ನು ಕೇಳಿ ತೀರ್ಮಾನಿಸಿದ ಶಾಲೆಗಳಲ್ಲಿ ತೋಟ ಉಳಿದಿದೆ. ಅವರೇ ಅಲ್ಲವೇ ದಿನಾ ಹಿತ್ತಲಿಗೆ ಹೋಗೋರು.

ಅಂಗಡಿಯವರ ಕಡೆಯಿಂದ

ಈ ಸಣ್ಣ ಅನುದಾನ ಕೊನೆಗೆ ಬಂದು ಬೀಳೋದು ತಾಲ್ಲೂಕಿನ ಬೀಜದ ಅಂಗಡಿಗೆ, ಹಾರ್ಡ್‌ವೇರ್ ಅಂಗಡಿಗೆ. ಅವರದ್ದೂ ಒಂದು ದೂರು ಇದೆ. ‘ಮಾಸ್ತರ್ರು ಜೂನ್‌ನ್ಯಾಗ ಉದ್ರಿ ಒಯ್ತಾರ, ರೊಕ್ಕ ಬರೋದು ಮಾರ್ಚ್‌ಗೆ’. ಸುಳ್ಳಲ್ಲ. 2021ರಿಂದ ಕೇಂದ್ರ ಯೋಜನೆಗಳ ಹಣ ರಾಜ್ಯದ ಒಂದೇ ನೋಡಲ್ ಖಾತೆಯಲ್ಲಿರುತ್ತೆ, ಕೆಳಗಿನ ಖಾತೆಗಳಲ್ಲಿ ಬ್ಯಾಲೆನ್ಸ್ ಸೊನ್ನೆ. ಮೇಲಿನಿಂದ ಮಿತಿ ಬಿಟ್ಟಾಗ ಮಾತ್ರ ಶಾಲೆ ಖರ್ಚು ಮಾಡಬಹುದು. ಹಣ ಬ್ಯಾಂಕಿನಲ್ಲಿ ಕೊಳೆಯೋದು ತಪ್ಪಿತು, ಸರಿ. ಆದರೆ ಮಳೆ ಈ ಮಿತಿಯನ್ನು ಕಾಯಲ್ಲ. ವರ್ಷದ ಕೊನೆಗೆ ಬಿಟ್ಟ ದುಡ್ಡಿನಲ್ಲಿ ಬೀಜ ಕೊಂಡರೆ ಬಿತ್ತೋದು ಏಪ್ರಿಲ್ ಬಿಸಿಲಿಗೆ, ಖಾಲಿ ಶಾಲೆಯಲ್ಲಿ.

ಬಿಲ್ಲಿನ ಗೊಂದಲ ಇನ್ನೊಂದು. ‘ಜಿಎಸ್‌ಟಿ ಬಿಲ್ ಇಲ್ಲದಿದ್ರ ಆಡಿಟ್‌ನ್ಯಾಗ ಹಿಡೀತಾರ’ ಅಂತ ಶಾಲೆಯವರು ದೊಡ್ಡ ಅಂಗಡಿಯನ್ನೇ ಹುಡುಕಿ ಜಿಲ್ಲಾ ಕೇಂದ್ರಕ್ಕೆ ಹೋಗ್ತಾರೆ. ಬಿತ್ತನೆ ಬೀಜಕ್ಕೆ, ಗುದ್ದಲಿ-ಸಲಿಕೆಯಂಥ ಕೈ ಸಾಮಾನಿಗೆ ಜಿಎಸ್‌ಟಿ ಸೊನ್ನೆ. ವರ್ಷಕ್ಕೆ ₹40 ಲಕ್ಷದೊಳಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ನೋಂದಣಿಯೂ ಕಡ್ಡಾಯವಲ್ಲ. ಅಂಥವರು ಹೆಸರು, ವಿಳಾಸ, ದಿನಾಂಕ, ಸಾಮಾನಿನ ವಿವರ ಬರೆದು ಸಹಿ ಹಾಕಿದ ಸಾದಾ ಬಿಲ್ ಕೊಡಬಹುದು. ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಮೇಲೆ, ಅದರಲ್ಲೂ ನಮ್ಮ ಹಾವೇರಿಯಲ್ಲಿ ತರಕಾರಿ ಮಾರುವವರಿಗೇ ಬಂದ ಮೇಲೆ, ಬಿಲ್ ಅಂದ್ರೆ ಅಂಗಡಿಯವರಿಗೂ ಹೆದರಿಕೆ. ಬಿಇಒ ಕಚೇರಿ ‘ಈ ಅನುದಾನಕ್ಕೆ ಇಂಥ ಬಿಲ್ ಸಾಕು’ ಅಂತ ಒಂದು ಪುಟ ಬರೆದು ಶಾಲೆಗಳಿಗೆ ಕಳಿಸಿದರೆ ಇಬ್ಬರ ಹೆದರಿಕೆಯೂ ಹೋಗುತ್ತೆ, ದುಡ್ಡು ಊರಲ್ಲೇ ಉಳಿಯುತ್ತೆ.

ಬೀಜ ಕೊಡುವವರಿಗೆ ಒಂದು ಮಾತು. ಶಾಲೆಗೆ ಅಂತ ಹಳೇ ಪ್ಯಾಕೆಟ್ ದಾಟಿಸಬೇಡಿ. ಪ್ಯಾಕೆಟ್ ಮೇಲೆ ಅವಧಿ ದಿನಾಂಕ ಬರೆದಿರುತ್ತೆ, ಮಕ್ಕಳಿಗೆ ಓದೋದಕ್ಕೆ ಬರುತ್ತೆ.

₹5 ಸಾವಿರದಲ್ಲಿ ಏನು ಕೊಳ್ಳಬೇಕು

ನನ್ನ ಅಭಿಪ್ರಾಯ ಇಷ್ಟು. ಬೋರ್ಡ್ ಬೇಡ. ಉದ್ಘಾಟನೆ, ಶಾಲು, ಬ್ಯಾನರ್ ಬೇಡವೇ ಬೇಡ. ತಂತಿ ಬೇಲಿಗೆ ಕೈ ಹಾಕಿದರೆ ಅಲ್ಲಿಗೇ ದುಡ್ಡು ಮುಗಿಯುತ್ತೆ, ಅದನ್ನು ಪಂಚಾಯ್ತಿಯಿಂದ ಉದ್ಯೋಗ ಖಾತ್ರಿಯಲ್ಲಿ ಕೇಳಬೇಕು. ಅದು ಆಗೋವರೆಗೆ ಮುಳ್ಳು, ಗೊಬ್ಬರದ ಗಿಡದ ಗೂಟ.

ಮೊದಲು ಕೊಳ್ಳಬೇಕಾದ್ದು ಪೈಪು. ಊಟದ ನಂತರ 80 ಮಕ್ಕಳು ಕೈ, ಗಂಗಾಳ ತೊಳೀತಾರೆ. ತಲಾ ಎರಡು ಲೀಟರ್ ಹಿಡಿದರೂ ದಿನಕ್ಕೆ 160 ಲೀಟರ್ ನೀರು ಗಟಾರಕ್ಕೆ ಹೋಗುತ್ತೆ. ತೊಳೆಯೋ ಕಟ್ಟೆಯಿಂದ ಸಣ್ಣ ಗುಂಡಿ, ಅದರಲ್ಲಿ ಜಲ್ಲಿ-ಮರಳು, ಅಲ್ಲಿಂದ ಮಡಿಗೆ ಒಂದು ಕಾಲುವೆ ಮಾಡಿದರೆ ಶಾಲೆ ನಡೆಯುವ ದಿನಗಳ ನೀರಿನ ಚಿಂತೆ ಬಹುಪಾಲು ತೀರಿತು. ಸೋಪಿನ ಪುಡಿ ಜಾಸ್ತಿ ಬಳಸುವ ಕಡೆ ಆ ನೀರನ್ನು ಸೊಪ್ಪಿಗೆ ಬಿಡದೆ ಬಾಳೆಗೆ ಬಿಡಿ.

ಎರಡನೇದು, ರಜೆ ತಡೆಯುವ ಗಿಡ. ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ನಮ್ಮ ಕಡೆಗೆ ಹೊಂದುತ್ತೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲೇ ಕೇಳಿ ತರಬಹುದು. ಸಂಭ್ರಮ ಶನಿವಾರಕ್ಕೆ ಬೇರೆ ಕಾರ್ಯಕ್ರಮ ಹುಡುಕೋ ಕಷ್ಟವೂ ತಪ್ಪುತ್ತೆ. ಸೊಪ್ಪು, ಬೆಂಡೆ, ಮೂಲಂಗಿಯನ್ನು ರಜೆ ಪಟ್ಟಿ ಮುಂದಿಟ್ಟುಕೊಂಡು ಬಿತ್ತಬೇಕು. ರಾಜಗಿರಿ, ಮೆಂತೆ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತೆ. ಈಗ ನವೆಂಬರ್‌ನಲ್ಲಿ ಬಿತ್ತಿದರೆ ಮಾರ್ಚ್ ಪರೀಕ್ಷೆಯೊಳಗೆ ಮೂರು ಕೊಯ್ಲು ಆರಾಮಾಗಿ ಸಿಗುತ್ತೆ.

ಮೂರನೇದು, ಒಂದು ತಕ್ಕಡಿ, ಒಂದು ನೋಟ್‌ಬುಕ್. ಎಷ್ಟು ಬಿತ್ತಿದ್ವಿ, ಎಷ್ಟು ಬಂತು, ಸಂತೆ ದರದಲ್ಲಿ ಎಷ್ಟಾಯ್ತು, ಏನು ಹುಳ ಬಿತ್ತು, ಏನು ಹೊಡೆದ್ವಿ ಅಂತ ಮಕ್ಕಳೇ ಬರೀಬೇಕು. ಗಣಿತದ ಮಾಸ್ತರ್ರಿಗೂ ಕೆಲಸ ಸಿಗುತ್ತೆ. ಈಗ ಇಲಾಖೆ ಕೇಳೋದು ಫೋಟೊ. ‘ಏಕ್ ಪೇಡ್ ಮಾ ಕೆ ನಾಮ್’ ಗಿಡ ನೆಟ್ಟ ಫೋಟೊ ಅಪ್‌ಲೋಡ್ ಮಾಡಿದರೆ ಪ್ರಮಾಣಪತ್ರ ಬರುತ್ತೆ. ಆರು ತಿಂಗಳ ಮೇಲೆ ಅದೇ ಗಿಡದ ಫೋಟೊ ಕೇಳೋ ಪೋರ್ಟಲ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪಿಎಂ ಪೋಷಣ್‌ಗೆ ಸಂಪುಟ ಕೊಟ್ಟಿದ್ದ ಐದು ವರ್ಷದ ಅವಧಿ 2026ರ ಮಾರ್ಚ್‌ವರೆಗೆ. ಮುಂದಿನ ಸುತ್ತಿನ ನಿಯಮ ಬರೆಯುವಾಗ ತೋಟ ಎಬ್ಬಿಸುವ ದುಡ್ಡಿನ ಜೊತೆ ವರ್ಷಾ ವರ್ಷ ನೋಡಿಕೊಳ್ಳುವ ದುಡ್ಡೂ ಬೇಕು, ಅದು ಮೇ ತಿಂಗಳಲ್ಲೇ ಶಾಲೆಗೆ ತಲುಪಬೇಕು ಅಂತ ಎಸ್‌ಡಿಎಂಸಿಗಳು ಈಗಲೇ ಬರೆದು ಕೊಡಬೇಕು. ಬೇಸಿಗೆ ರಜೆಯಲ್ಲಿ ನೀರು ಹಾಕಿದವರಿಗೆ ತಿಂಗಳಿಗೆ ಐನೂರು ಕೊಡೋ ಅವಕಾಶ ಇದ್ದರೂ ಎಷ್ಟೋ ತೋಟ ಉಳೀತಿತ್ತು.

ಈ ತಿಂಗಳು 14ರಿಂದ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯೋ ಹೊತ್ತು. ಹೋದ ಸಲ ಒಂದು ಸಭೆಯಲ್ಲಿ ಆರನೇ ತರಗತಿಯ ಹುಡುಗಿ ಎದ್ದು ನಿಂತು, ‘ರಜಾದಾಗ ನಮ್ಮ ಗಿಡಕ್ಕ ನೀರು ಯಾರು ಹಾಕ್ತಾರ್ರೀ?’ ಅಂತ ಕೇಳಿದ್ದಳು. ವೇದಿಕೆ ಮೇಲಿದ್ದವರು ನಕ್ಕರು. ಪಿಡಿಒ ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ಪಂಚಾಯ್ತಿಯ ನೀರುಗಂಟಿಗೆ ವಾರಕ್ಕೆರಡು ಸಲ ಶಾಲೆ ವಾಲ್ವ್ ತಿರುಗಿಸಲು ಹೇಳಿದರು. ಮೊನ್ನೆ ದೀಪಾವಳಿ ಮುಗಿದ ಮೇಲೆ ಆ ಶಾಲೆಗೂ ಹೋಗಿದ್ದೆ. ಕಳೆ ಅಲ್ಲೂ ಬೆಳೆದಿತ್ತು. ಕಳೆ ನಡುವೆ ಹೀರೆಬಳ್ಳಿಯಲ್ಲಿ ಕೈ ಉದ್ದದ ಏಳು ಕಾಯಿ ಬಲಿತು ಒಣಗಿ ನಿಂತಿದ್ದವು. ಮಕ್ಕಳು ಅವನ್ನು ಬಿಡಿಸಿ, ಕುಲುಕಿ, ಬೀಜ ಎಣಿಸ್ತಾ ಕೂತಿದ್ದರು.